ಮೇಲಿಂದ ಇಳಿದ ಮೈಕು

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ವಿಜಯನಗರದಲ್ಲಿ ನಾವು ನಾಲ್ಕು ಜನ ಒಂದು ರೂಮು ಮಾಡಿಕೊಂಡಿದ್ದೆವು. ಶನಿವಾರ ರಾತ್ರಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಚಾಪೆ ಮೇಲೆ ಕೂತು, ಯಾರದೋ ಹಾರ್ಡ್‌ಡಿಸ್ಕ್‌ನಲ್ಲಿ ಸಿಕ್ಕ ಸಿನಿಮಾ ನೋಡುವುದು ನಮ್ಮ ವಾರದ ಹಬ್ಬ. ಒಂದು ಸಲ ಸಿಕ್ಕಿದ್ದು 'ಡಾಲಮೈಟ್'. 1975ರ ಅಮೆರಿಕನ್ ಸಿನಿಮಾ. ಹೀರೋಗೆ ಹೊಟ್ಟೆ ಇದೆ, ವಯಸ್ಸು ನಲವತ್ತೈದು ದಾಟಿದೆ, ಕುಂಗ್‌ಫು ಒದೆ ಎದುರಿನವನಿಗೆ ಒಂದಡಿ ದೂರದಲ್ಲೇ ನಿಲ್ಲುತ್ತದೆ. ಆದರೂ ಎದುರಿನವನು ಬೀಳುತ್ತಾನೆ.

ಅದಕ್ಕಿಂತ ಮಜಾ ಅಂದರೆ ಮೈಕು. ಇಬ್ಬರು ಗಂಭೀರವಾಗಿ ಮಾತಾಡುತ್ತಿರುತ್ತಾರೆ, ಮೇಲಿಂದ ಕೋಲಿಗೆ ಕಟ್ಟಿದ ಮೈಕು ನಿಧಾನಕ್ಕೆ ಇಳಿಯುತ್ತದೆ. ಸ್ವಲ್ಪ ಹೊತ್ತು ತಲೆ ಮೇಲೆ ತೂಗಾಡುತ್ತದೆ. ಮತ್ತೆ ಮೇಲೆ ಹೋಗುತ್ತದೆ. ನಮ್ಮ ಜೊತೆಗಿದ್ದ ದಾವಣಗೆರೆಯವನು ಅದು ಕಂಡಾಗಲೆಲ್ಲ "ಬಂತು ನೋಡ್ರಲೇ" ಅಂತ ಕೂಗುತ್ತಿದ್ದ. ನಾವು ಚಾಪೆ ಮೇಲೆ ಉರುಳಾಡಿ ನಕ್ಕೆವು. ಆಮೇಲೆ ಎಷ್ಟೋ ವರ್ಷ, ಕೆಟ್ಟ ಸಿನಿಮಾ ಅಂದರೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಈ ಮೈಕಿನ ಕತೆಯನ್ನೇ ಹೇಳುತ್ತಿದ್ದೆ.

ಆ ಕತೆ ತಪ್ಪು ಅಂತ ಗೊತ್ತಾಗಿದ್ದು ತುಂಬಾ ತಡವಾಗಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. 35 ಎಂಎಂ ರೀಲಿನ ಒಂದೊಂದು ಚೌಕವೂ ಹೆಚ್ಚುಕಮ್ಮಿ ಹಳೆ ಟಿವಿಯ ಆಕಾರದಲ್ಲಿ ಇರುತ್ತದೆ. ಥಿಯೇಟರಿನ ಪರದೆ ಅದಕ್ಕಿಂತ ಅಗಲ. ಅದಕ್ಕೇ ಪ್ರೊಜೆಕ್ಟರಿನಲ್ಲಿ, ರೀಲು ಬೆಳಕಿನ ಮುಂದೆ ಹಾದುಹೋಗುವ ಕಡೆ, ಕಿಂಡಿ ಕೊರೆದ ಒಂದು ಸಣ್ಣ ತಗಡು ಇರುತ್ತದೆ. ಅದು ಚಿತ್ರದ ಮೇಲಿನ ಒಂದಿಷ್ಟು, ಕೆಳಗಿನ ಒಂದಿಷ್ಟು ಮುಚ್ಚಿಬಿಡುತ್ತದೆ. ನಡುವಿನ ಪಟ್ಟಿ ಮಾತ್ರ ಪರದೆಗೆ ಹೋಗುತ್ತದೆ. ಶೂಟಿಂಗ್ ಮಾಡುವವರಿಗೂ ಇದು ಗೊತ್ತು. ಕ್ಯಾಮೆರಾದ ಕಣ್ಣಿನಲ್ಲಿ ಗೆರೆ ಹಾಕಿರುತ್ತಾರೆ. ಮೈಕು ಹಿಡಿದವನು ಗೆರೆಗೆ ತಾಗದ ಹಾಗೆ, ಮಾತಾಡುವವರ ಬಾಯಿಗೆ ಆದಷ್ಟು ಹತ್ತಿರಕ್ಕೆ ಇಳಿಸುತ್ತಾನೆ. ಮುಚ್ಚಿಹೋಗುವ ಜಾಗದಲ್ಲಿ ಮೈಕು ಇದ್ದರೆ ಏನೂ ತೊಂದರೆ ಇಲ್ಲ. ಯಾರಿಗೂ ಕಾಣುವುದಿಲ್ಲವಲ್ಲ.

ಆಮೇಲೆ ವಿಡಿಯೋ ಕ್ಯಾಸೆಟ್ಟಿನ ಕಾಲ ಬಂತು. ಟಿವಿ ಪೆಟ್ಟಿಗೆ ತುಂಬಬೇಕು ಅಂತ ಯಾರೋ ತಗಡು ತೆಗೆದು, ಇಡೀ ಚೌಕವನ್ನೇ ಕ್ಯಾಸೆಟ್ಟಿಗೆ ಇಳಿಸಿದರು. ಮುಚ್ಚಿಟ್ಟಿದ್ದೆಲ್ಲ ಹೊರಗೆ ಬಿತ್ತು. ನಾವು ನೋಡಿ ನಕ್ಕಿದ್ದು ಆ ಕ್ಯಾಸೆಟ್ಟಿನ ನಕಲಿನ ನಕಲು. 2016ರಲ್ಲಿ 'ವಿನೆಗರ್ ಸಿಂಡ್ರೋಮ್' ಅನ್ನುವ ಕಂಪನಿ ಈ ಚಿತ್ರವನ್ನು ಸರಿಯಾದ ಅಳತೆಯಲ್ಲಿ ಮತ್ತೆ ಹೊರತಂದಿತು. ಅದರಲ್ಲಿ ನಾವು ಎಣಿಸಿ ಎಣಿಸಿ ನಕ್ಕಿದ್ದ ಮೈಕು ಮಾಯ. ಡೆಟ್ರಾಯಿಟ್ಟಿನಲ್ಲೋ ಶಿಕಾಗೋದಲ್ಲೋ ಟಿಕೆಟ್ ಕೊಂಡು ಕೂತವರಿಗೆ ನಮಗೆ ಕಂಡ ಸಿನಿಮಾ ಕಂಡಿರಲೇ ಇಲ್ಲ. ಇನ್ಯಾರೋ ಮಾಡಿದ ಎಡವಟ್ಟಿಗೆ ನಾವು ಚಿತ್ರ ತೆಗೆದವರನ್ನು ನೋಡಿ ನಕ್ಕಿದ್ದೆವು.

ಸ್ವಲ್ಪ ನಾಚಿಕೆ ಆಯಿತು ಅಂತಲೇ ಹೇಳಬೇಕು. ಆ ನಾಚಿಕೆಯಿಂದಲೇ ಡಾಲಮೈಟ್ ತರಹದ ಎಪ್ಪತ್ತರ ದಶಕದ ಚಿತ್ರಗಳನ್ನು ಒಂದೊಂದಾಗಿ ಹುಡುಕಿ ನೋಡಲು ಶುರು ಮಾಡಿದೆ.

ಕಪ್ಪು ನಾಯಕರು, ಕಪ್ಪು ನಾಯಕಿಯರು, ಬಂದೂಕು, ಮಾದಕ ವಸ್ತು ಮಾರುವವರು, ಲಂಚಕೋರ ಬಿಳಿ ಪೊಲೀಸರು, ಉದ್ದ ಕೋಟು, ಉದ್ದ ಕಾರು. ಸುಮಾರು 1970ರಿಂದ 76ರವರೆಗೆ ಅಮೆರಿಕದಲ್ಲಿ ಇಂಥ ಚಿತ್ರಗಳ ಸುರಿಮಳೆ. ಇವು ಯಾಕೆ ಆಗಲೇ ಬಂದವು ಅಂತ ಕೇಳಿದರೆ ಉತ್ತರ ಥಿಯೇಟರುಗಳಲ್ಲಿದೆ.

ಡೆಟ್ರಾಯಿಟ್ ನಗರದ ನಡುವೆ 'ಫಾಕ್ಸ್' ಅಂತ ಒಂದು ಥಿಯೇಟರ್ ಇದೆ. 1928ರಲ್ಲಿ ಕಟ್ಟಿದ್ದು. ಒಳಗೆ ಅರಮನೆ ಹಾಗಿದೆ, ಐದು ಸಾವಿರಕ್ಕೂ ಜಾಸ್ತಿ ಸೀಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿಳಿಯರು ಊರ ಹೊರಗಿನ ಬಡಾವಣೆಗಳಿಗೆ ಮನೆ ಕಟ್ಟಿಕೊಂಡು ಹೋದರು. 1967ರಲ್ಲಿ ಊರಿನ ಕಪ್ಪು ಜನರಿಗೂ ಪೊಲೀಸರಿಗೂ ನಡೆದ ಗಲಭೆಯ ಮೇಲಂತೂ ಆ ಓಟ ಇನ್ನೂ ಜೋರಾಯಿತು. ಮನೆಗೆ ಟಿವಿ ಬಂದಿತ್ತು. ಹೊಸ ಥಿಯೇಟರುಗಳು ಬಡಾವಣೆಗಳಲ್ಲೇ ಎದ್ದವು. ನಡುಪೇಟೆಯ ಅರಮನೆಗಳು ಖಾಲಿ ಹೊಡೆದವು. ಸುತ್ತ ಉಳಿದವರು ಕಪ್ಪು ಜನ. ಅವರ ಕೈಯಲ್ಲಿ ಟಿಕೆಟ್ಟಿಗೆ ದುಡ್ಡಿತ್ತು, ನೋಡಲು ಅವರ ಮುಖ ಇರುವ ಸಿನಿಮಾ ಇರಲಿಲ್ಲ. ಫಾಕ್ಸ್ ಥಿಯೇಟರಿನ ಮಾಲೀಕರು ಎಪ್ಪತ್ತರ ದಶಕದಲ್ಲಿ ಅಲ್ಲಿ ಓಡಿಸಿದ್ದು ಕುಂಗ್‌ಫು ಚಿತ್ರಗಳನ್ನು ಮತ್ತು ಇವೇ ಕಪ್ಪು ಆ್ಯಕ್ಷನ್ ಚಿತ್ರಗಳನ್ನು. ನಮ್ಮ ಕಡೆ ಗಾಂಧಿ ಕ್ಲಾಸಿನವರು ಶಿಳ್ಳೆ ಹೊಡೆಯುತ್ತಾರಲ್ಲ, ಹಾಗೆ ಅಲ್ಲಿ ಬಾಲ್ಕನಿಯೂ ಸೇರಿ ಇಡೀ ಅರಮನೆಯೇ ಗಾಂಧಿ ಕ್ಲಾಸು ಅಂದುಕೊಳ್ಳಿ.

ಮೊದಲ ಶಿಳ್ಳೆ ಬಿದ್ದಿದ್ದೂ ಅದೇ ಊರಿನಲ್ಲಿ. 1971ರ ಮಾರ್ಚ್ 31. ಮೆಲ್ವಿನ್ ವ್ಯಾನ್ ಪೀಬಲ್ಸ್ ತೆಗೆದ 'ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡ್ಆ್ಯಸ್ ಸಾಂಗ್' ಚಿತ್ರಕ್ಕೆ ಇಡೀ ದೇಶದಲ್ಲಿ ಸಿಕ್ಕಿದ್ದು ಎರಡೇ ಥಿಯೇಟರು. ಒಂದು ಡೆಟ್ರಾಯಿಟ್, ಇನ್ನೊಂದು ಅಟ್ಲಾಂಟಾ. ಬರೆದವನು, ನಿರ್ದೇಶಿಸಿದವನು, ದುಡ್ಡು ಹಾಕಿದವನು, ಸಂಕಲನ ಮಾಡಿದವನು, ನಟಿಸಿದವನು ಎಲ್ಲ ಒಬ್ಬನೇ. ಖರ್ಚು ಐದು ಲಕ್ಷ ಡಾಲರ್. ಅದರಲ್ಲಿ 50,000 ನಟ ಬಿಲ್ ಕಾಸ್ಬಿ ಕೊಟ್ಟ ಸಾಲ. ಸಿನಿಮಾ ಕಾರ್ಮಿಕರ ಯೂನಿಯನ್ನಿನವರು ತಲೆಹಾಕದಿರಲಿ ಅಂತ, ನಾನು ತೆಗೆಯುತ್ತಿರುವುದು ನೀಲಿ ಚಿತ್ರ ಅಂತ ಹೇಳಿ ಹತ್ತೊಂಬತ್ತು ದಿನದಲ್ಲಿ ಶೂಟಿಂಗ್ ಮುಗಿಸಿದ. ಸಂಗೀತವೂ ಅವನದೇ. ಸ್ವರಲಿಪಿ ಬರೆಯಲು ಬಾರದವನು ಪಿಯಾನೋದ ಮನೆಗಳಿಗೆ ನಂಬರು ಬರೆದು ಅಂಟಿಸಿಕೊಂಡು ರಾಗ ಕಟ್ಟಿದ. ನುಡಿಸಿದ್ದು ಆಗ ಇನ್ನೂ ಯಾರಿಗೂ ಗೊತ್ತಿರದ 'ಅರ್ತ್, ವಿಂಡ್ ಆ್ಯಂಡ್ ಫೈರ್' ತಂಡ.

ಸೆನ್ಸಾರ್ ಮಂಡಳಿಯಂಥದ್ದು ಅದಕ್ಕೆ 'ಎಕ್ಸ್', ಅಂದರೆ ದೊಡ್ಡವರಿಗೆ ಮಾತ್ರ, ಅಂತ ಮುದ್ರೆ ಒತ್ತಿತು. ಆ ಮುದ್ರೆ ಬಿದ್ದ ಚಿತ್ರವನ್ನು ಜಾಸ್ತಿ ಥಿಯೇಟರಿನವರು ಮುಟ್ಟುವುದಿಲ್ಲ. ಇವನು ಅದನ್ನೇ ಪೋಸ್ಟರಿಗೆ ಹಾಕಿಕೊಂಡ: ಬಿಳಿಯರೇ ತುಂಬಿದ ಜ್ಯೂರಿ ಕೊಟ್ಟ 'ಎಕ್ಸ್' ಇದು ಅಂತ. ಕಪ್ಪು ಆರೋಪಿಗೆ ಬಿಳಿ ಜ್ಯೂರಿ ಶಿಕ್ಷೆ ಕೊಡುವುದನ್ನು ತಲೆಮಾರುಗಟ್ಟಲೆ ನೋಡಿದ ಜನಕ್ಕೆ ಆ ಒಂದು ಸಾಲು ಸಾಕಾಯಿತು. ಚಿತ್ರ ಒಂದು ಕೋಟಿ ಡಾಲರಿಗೂ ಮೀರಿ ಗಳಿಸಿತು. ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹ್ಯೂಯಿ ನ್ಯೂಟನ್ ಇದನ್ನು ಕ್ರಾಂತಿಯ ಸಿನಿಮಾ ಅಂತ ಹೊಗಳಿದ.

ನನಗೆ ಈ ಚಿತ್ರ ಇಷ್ಟ ಅಂತ ಹೇಳಲಾರೆ. ಓಟದ ದೃಶ್ಯಗಳು ಚೆನ್ನಾಗಿವೆ, ಒಂದು ಚಿತ್ರದ ಮೇಲೆ ಇನ್ನೊಂದು ಕೂರಿಸಿ ಬಣ್ಣ ಕಲಸಿರುವುದು ಇವತ್ತಿಗೂ ಹೊಸದು ಅನಿಸುತ್ತದೆ. ಆದರೆ ಶುರುವಿನ ಒಂದು ಕಾಮದ ದೃಶ್ಯಕ್ಕೆ ತನ್ನ ಇನ್ನೂ ಚಿಕ್ಕ ಮಗನನ್ನೇ ನಿಲ್ಲಿಸಿದ್ದಾನೆ. ಆ ಕಾಲ ಬೇರೆ, ದುಡ್ಡಿರಲಿಲ್ಲ, ಏನೇ ಹೇಳಿ, ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹೆಂಗಸರನ್ನು ತೋರಿಸಿರುವ ರೀತಿಯೂ ಅಷ್ಟೇ.

ಮೂರು ತಿಂಗಳ ಮೇಲೆ ಬಂದ 'ಶಾಫ್ಟ್' ಇನ್ನೊಂದು ಕತೆ. ಅದನ್ನು ತೆಗೆದಿದ್ದು ಎಂಜಿಎಂ ಸ್ಟುಡಿಯೋ, ಹಾಲಿವುಡ್ಡಿನ ದೊಡ್ಡ ಮನೆತನ. ಆದರೆ ಆಗ ಆ ಮನೆತನ ಪಾತ್ರೆ ಪಗಡ ಮಾರುವ ಸ್ಥಿತಿಯಲ್ಲಿತ್ತು. ಉತ್ಪ್ರೇಕ್ಷೆ ಮಾಡುತ್ತಿಲ್ಲ, 1970ರಲ್ಲಿ ತನ್ನ ಹಳೆ ಸೆಟ್ಟು, ಉಡುಪು ಎಲ್ಲವನ್ನೂ ನಿಜವಾಗಲೂ ಹರಾಜು ಹಾಕಿತು. 'ವಿಜರ್ಡ್ ಆಫ್ ಆಜ್' ಚಿತ್ರದ ಹುಡುಗಿ ತೊಟ್ಟಿದ್ದ ಕೆಂಪು ಚಪ್ಪಲಿ 15,000 ಡಾಲರಿಗೆ ಹೋಯಿತು. ಅಂಥ ಹೊತ್ತಲ್ಲಿ ಸಣ್ಣ ಖರ್ಚಿನ 'ಶಾಫ್ಟ್' ಒಂದು ಕೋಟಿ ದಾಟಿದರೆ ಹೇಗಿರಬೇಡ.

ನಿರ್ದೇಶಕ ಗಾರ್ಡನ್ ಪಾರ್ಕ್ಸ್ 'ಲೈಫ್' ಪತ್ರಿಕೆಯಲ್ಲಿ ಹೆಸರು ಮಾಡಿದ ಫೋಟೋಗ್ರಾಫರ್. ಅದು ಮೊದಲ ದೃಶ್ಯದಲ್ಲೇ ಗೊತ್ತಾಗುತ್ತದೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್, ಚಳಿಗಾಲ. ನೆಲದಡಿಯ ರೈಲು ನಿಲ್ದಾಣದ ಮೆಟ್ಟಿಲು ಹತ್ತಿ ಹೀರೋ ರಿಚರ್ಡ್ ರೌಂಡ್‌ಟ್ರೀ ಮೇಲೆ ಬರುತ್ತಾನೆ. ಚರ್ಮದ ಕೋಟು. ಬರುವ ಕಾರುಗಳ ನಡುವೆಯೇ ರಸ್ತೆ ದಾಟುತ್ತಾನೆ. ಹಿಂದೆ ಐಸಾಕ್ ಹೇಯ್ಸ್ ಸಂಗೀತ. ಮೊದಲು ತಾಳದ ತಟ್ಟೆ ಮಾತ್ರ, ಚಿಕಿಚಿಕಿ ಅಂತ. ಆಮೇಲೆ ವಾವಾ ಗಿಟಾರು. ಹಾಡು ಶುರುವಾಗಲು ಎರಡೂವರೆ ನಿಮಿಷ ಬೇಕು. ಅಷ್ಟು ಹೊತ್ತೂ ಒಬ್ಬ ಕಪ್ಪು ಗಂಡಸು ಯಾರಿಗೂ ದಾರಿ ಬಿಡದೆ ನಡೆಯುತ್ತಾನೆ, ಅಷ್ಟೇ. ಅದಕ್ಕೂ ಮೊದಲು ಹಾಲಿವುಡ್ಡಿನಲ್ಲಿ ಆ ಬಣ್ಣದವನು ತೆರೆ ಮೇಲೆ ಬಂದರೆ ಒಂದೋ ಬಾಗಿಲು ತೆಗೆಯಬೇಕಿತ್ತು, ಇಲ್ಲವೇ ಬಿಳಿಯರಿಗೆ ತಾನು ಎಷ್ಟು ಒಳ್ಳೆಯವನು ಅಂತ ಸಾಬೀತು ಮಾಡಬೇಕಿತ್ತು. ಸುಮ್ನೆ ನಡೆಯುವುದಕ್ಕೆ ಯಾರೂ ರೀಲು ಖರ್ಚು ಮಾಡಿರಲಿಲ್ಲ. ಮುಂದಿನ ವರ್ಷ ಆ ಹಾಡಿಗೆ ಆಸ್ಕರ್ ಬಂತು. ಹಾಡಿನ ವಿಭಾಗದಲ್ಲಿ ಅದನ್ನು ಗೆದ್ದ ಮೊದಲ ಕಪ್ಪು ವ್ಯಕ್ತಿ ಹೇಯ್ಸ್. ಸಮಾರಂಭಕ್ಕೆ ತನ್ನನ್ನು ಸಾಕಿದ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದ.

ಇನ್ನು 'ಸೂಪರ್ ಫ್ಲೈ', 1972. ನಿರ್ದೇಶಕ ಪಾರ್ಕ್ಸ್ ಮಗ, ಅವನ ಹೆಸರೂ ಗಾರ್ಡನ್ ಪಾರ್ಕ್ಸೇ. ಕೊಕೇನ್ ಮಾರುವವನೊಬ್ಬ ಕೊನೆಯದೊಂದು ದೊಡ್ಡ ವ್ಯಾಪಾರ ಮಾಡಿ ಈ ಕಸುಬು ಬಿಡಬೇಕು ಅಂದುಕೊಳ್ಳುವ ಕತೆ. ಅವನು ಓಡಿಸುವ ಉದ್ದನೆಯ ಕ್ಯಾಡಿಲ್ಯಾಕ್ ಒಬ್ಬ ನಿಜವಾದ ತಲೆಹಿಡುಕನದು. ಕಾರು ಕೊಟ್ಟವನು ತಾನೂ ಒಂದು ಪಾತ್ರ ಮಾಡಿದ್ದಾನೆ! ದುಡ್ಡಿಲ್ಲದ ಸಿನಿಮಾ ಅಂದರೆ ಹೀಗೆ. ಸಿಕ್ಕಿದ್ದೇ ಸೆಟ್ಟು, ಸಿಕ್ಕವನೇ ನಟ.

ಈ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಜಾಗ. ನಡುವೆ ಇದ್ದಕ್ಕಿದ್ದಂತೆ ಕ್ಯಾಮೆರಾ ಓಡುವುದು ನಿಲ್ಲುತ್ತದೆ. ಬರೀ ಫೋಟೋಗಳು. ಪರದೆ ತುಂಡು ತುಂಡಾಗಿ ಒಡೆದು, ಒಂದರ ಪಕ್ಕ ಒಂದು. ಕಟ್ಟಡದ ಕೂಲಿಯವನು, ಹೋಟೆಲಿನವನು, ಕೋಟು ಹಾಕಿದ ಸಾಹೇಬ, ಬಿಳಿಯರು, ಕರಿಯರು, ಎಲ್ಲರೂ ಕೊಳ್ಳುತ್ತಿದ್ದಾರೆ, ಎಲ್ಲರೂ ಮೂಗಿಗೆ ಏರಿಸುತ್ತಿದ್ದಾರೆ. ಹಿಂದೆ ಕರ್ಟಿಸ್ ಮೇಫೀಲ್ಡ್ ತೆಳ್ಳನೆಯ ದನಿಯಲ್ಲಿ ಮಾರುವವನ ಹಾಡು ಹಾಡುತ್ತಾನೆ. ಮೇಫೀಲ್ಡ್‌ಗೆ ಈ ಕತೆಯ ಬಗ್ಗೆ ಸಮಾಧಾನ ಇರಲಿಲ್ಲ. ಇದು ಕೊಕೇನಿಗೆ ಜಾಹೀರಾತು ಆಗಿಬಿಟ್ಟಿದೆ ಅನ್ನುವುದು ಅವನ ಚಿಂತೆ. ಅದಕ್ಕೇ ತೆರೆ ಮೇಲೆ ಹೀರೋ ಮೆರೆಯುತ್ತಿದ್ದರೆ ಹಾಡಿನ ಮಾತು ಅವನ ಕಾಲೆಳೆಯುತ್ತಿರುತ್ತದೆ. ಚಿತ್ರದ ಜೊತೆ ಅದರ ಹಾಡೇ ಜಗಳ ಆಡುವುದನ್ನು ನಾನು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಕೇಳಿಲ್ಲ. 'ಫ್ರೆಡೀಸ್ ಡೆಡ್' ಅಂತ ಒಂದು ಹಾಡಿದೆ. ದಾರಿ ತಪ್ಪಿ ಸತ್ತ ಒಬ್ಬನನ್ನು ನೆನೆಯುವ ಹಾಡು. ಚಿತ್ರದಲ್ಲಿ ಅದರ ವಾದ್ಯ ಮಾತ್ರ ಕೇಳಿಸುತ್ತದೆ, ಮಾತು ರೆಕಾರ್ಡಿನಲ್ಲಿ ಮಾತ್ರ. ಆ ಕಾರಣಕ್ಕೆ ಆಸ್ಕರ್ ಪಟ್ಟಿಗೆ ಸೇರಲಿಲ್ಲ.

ಬಡತನ ಈ ಚಿತ್ರಗಳಿಗೆ ಏನೇನು ಮಾಡಿಸಿತು ಅನ್ನುವುದಕ್ಕೆ ಇನ್ನೊಂದು ದೃಶ್ಯ. 'ಬ್ಲ್ಯಾಕ್ ಸೀಸರ್', 1973. ನಿರ್ದೇಶಕ ಲ್ಯಾರಿ ಕೋಹೆನ್ ಬಿಳಿಯ. ನಾಯಕ ಫ್ರೆಡ್ ವಿಲಿಯಮ್ಸನ್, ಮೊದಲು ಫುಟ್‌ಬಾಲ್ ಆಟಗಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಹೀರೋಗೆ ಗುಂಡು ಬೀಳುತ್ತದೆ. ಹೊಟ್ಟೆ ಹಿಡಿದುಕೊಂಡು, ರಕ್ತ ಸುರಿಸುತ್ತಾ ಜನಜಂಗುಳಿಯಲ್ಲಿ ನಡೆಯುತ್ತಾನೆ. ಪರ್ಮಿಷನ್ ತಗೊಂಡಿಲ್ಲ, ರಸ್ತೆ ಬಂದ್ ಮಾಡಿಸಿಲ್ಲ. ಸುತ್ತ ಇರುವವರು ನಿಜವಾದ ದಾರಿಹೋಕರು. ಕೋಟಿ ಸುರಿದು ಜೂನಿಯರ್ ಆರ್ಟಿಸ್ಟ್‌ಗಳನ್ನು ಕರೆಸಿದ್ದರೆ ಅವರೆಲ್ಲ ಬೆಚ್ಚಿಬಿದ್ದು ಕಿರುಚುತ್ತಿದ್ದರು. ಇಲ್ಲಿ ಜನ ಒಂದು ಕ್ಷಣ ನೋಡುತ್ತಾರೆ, ಸ್ವಲ್ಪ ಸರಿಯುತ್ತಾರೆ, ತಮ್ಮ ಪಾಡಿಗೆ ಹೋಗುತ್ತಾರೆ. ನೋಡುವಾಗ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

ಪ್ಯಾಮ್ ಗ್ರಿಯರ್ ಬಗ್ಗೆ ಬರೆಯದಿದ್ದರೆ ಈ ಬರಹಕ್ಕೆ ಶಾಪ ತಟ್ಟೀತು. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಅನ್ನುವ ಸಣ್ಣ ಬಜೆಟ್ ಕಂಪನಿಯ ಆಫೀಸಿನಲ್ಲಿ ಟೆಲಿಫೋನ್ ಎತ್ತುವ ಕೆಲಸದಲ್ಲಿದ್ದವಳು ಆಕೆ. 1973ರ 'ಕಾಫಿ' ಚಿತ್ರದಲ್ಲಿ ನರ್ಸ್. ತಂಗಿಯನ್ನು ಮಾದಕ ವಸ್ತುವಿನ ಚಟಕ್ಕೆ ಎಳೆದವರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾಳೆ. ಗ್ರಿಯರ್ ಅಮ್ಮನೂ ನರ್ಸ್ ಆಗಿದ್ದವರು. ಆ ಪಾತ್ರಕ್ಕೆ ಅಮ್ಮನೇ ಮಾದರಿ ಅಂತ ಆಕೆ ಹೇಳಿಕೊಂಡಿದ್ದಾಳೆ. ಒಂದು ಪಾರ್ಟಿಗೆ ಹೋಗುವ ಮುಂಚೆ ತನ್ನ ದಟ್ಟ ಗುಂಗುರು ಕೂದಲಿನೊಳಗೆ ಬ್ಲೇಡು ಸಿಕ್ಕಿಸಿಕೊಳ್ಳುತ್ತಾಳೆ. ಹೊಡೆದಾಟ ಶುರುವಾಗುತ್ತದೆ, ಒಬ್ಬಳು ಜುಟ್ಟು ಹಿಡಿಯಲು ಕೈ ಹಾಕುತ್ತಾಳೆ, ಕೈ ರಕ್ತವಾಗಿ ಹೊರಗೆ ಬರುತ್ತದೆ. ಆಫ್ರೋ ಕೂದಲು ಬಿಟ್ಟುಕೊಳ್ಳುವುದೇ ಆಗ ಒಂದು ರಾಜಕೀಯ ಹೇಳಿಕೆ. ಅದರೊಳಗೆ ಬ್ಲೇಡು ಇಟ್ಟವರ ತಲೆಗೆ ನಮಸ್ಕಾರ. ಅದೇ ಚಿತ್ರ ಆಕೆಯ ಮೈಯನ್ನು ತೋರಿಸಲು ಒಂದು ನೆಪವನ್ನೂ ಬಿಡುವುದಿಲ್ಲ. ಎರಡೂ ಒಂದೇ ರೀಲಿನಲ್ಲಿವೆ, ಒಂದನ್ನು ಕತ್ತರಿಸಿ ಇನ್ನೊಂದನ್ನು ಇಟ್ಟುಕೊಳ್ಳಲು ಬರುವುದಿಲ್ಲ.

ಇಂಥ ತಕರಾರು ಆಗಲೂ ಇತ್ತು. ಈ ಚಿತ್ರಗಳಿಗೆ 'ಬ್ಲ್ಯಾಕ್ಸ್‌ಪ್ಲಾಯಿಟೇಷನ್' ಅನ್ನುವ ಹೆಸರು ಹುಟ್ಟಿದ್ದೇ ಬೈಗುಳವಾಗಿ. 1972ರಲ್ಲಿ ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಎನ್‌ಎಎಸಿಪಿ ಸಂಘಟನೆಯ ಹಾಲಿವುಡ್ ಶಾಖೆಯ ಜೂನಿಯಸ್ ಗ್ರಿಫಿನ್ ಈ ಪದ ಚಾಲ್ತಿಗೆ ತಂದರು. ಕಪ್ಪು ಜನರನ್ನು ಸುಲಿಯುವ ಸಿನಿಮಾ ಅನ್ನುವ ಅರ್ಥ. ನಮ್ಮ ಮಕ್ಕಳಿಗೆ ತಲೆಹಿಡುಕರನ್ನೂ ಕೊಕೇನ್ ಮಾರುವವರನ್ನೂ ಹೀರೋ ಮಾಡಿ ತೋರಿಸುತ್ತೀರಲ್ಲ ಅನ್ನುವುದು ಅವರ ಸಿಟ್ಟು. ಲಾಭ ಹೋಗುತ್ತಿದ್ದುದೂ ಹೆಚ್ಚಾಗಿ ಬಿಳಿಯರ ಕಂಪನಿಗಳಿಗೇ. ಇನ್ನೊಂದು ಕಡೆ ವಿಲಿಯಮ್ಸನ್ ತರಹದ ನಟರು ಇವತ್ತಿಗೂ ಆ ಪದಕ್ಕೆ ಉರಿದು ಬೀಳುತ್ತಾರೆ. ನಮಗೆ ಕೆಲಸ ಸಿಕ್ಕಿತು, ಜನಕ್ಕೆ ಹೀರೋ ಸಿಕ್ಕಿದ, ಸುಲಿದಿದ್ದು ಯಾರನ್ನ ಅಂತ ಅವರ ಪ್ರಶ್ನೆ.

ಕೆಲಸದ ಮಾತು ಸಣ್ಣದಲ್ಲ. ಅಲ್ಲಿಯವರೆಗೆ ಕಪ್ಪು ನಟನ ಬದಲಿಗೆ ಕಟ್ಟಡದಿಂದ ಹಾರಬೇಕಾದರೆ ಬಿಳಿ ಫೈಟರ್ ಮುಖಕ್ಕೆ ಕಪ್ಪು ಬಣ್ಣ ಬಳಿದು ಹಾರಿಸುತ್ತಿದ್ದರು! ಅದನ್ನು ತಡೆಯಲು 1967ರಲ್ಲಿ ಕಪ್ಪು ಸಾಹಸ ಕಲಾವಿದರು ಸಂಘ ಕಟ್ಟಿಕೊಂಡು, ಲಾಸ್ ಏಂಜಲೀಸ್‌ನ ಒಂದು ಪಾರ್ಕಿನಲ್ಲಿ ಹಾಸಿಗೆ ಹಾಸಿಕೊಂಡು ತಾವೇ ಬೀಳುವುದನ್ನು ಕಲಿತರು. ಅವರ ಕೈಗೆ ಕೆಲಸ ಕೊಟ್ಟಿದ್ದು ಇವೇ ಚಿತ್ರಗಳು. ಹಾಗಂತ ಗ್ರಿಫಿನ್ ತಪ್ಪು ಅಂತ ನನಗೆ ಅನಿಸುವುದಿಲ್ಲ. ಆ ಪದ ಒಂದೇ ಬುಟ್ಟಿಗೆ ಎಲ್ಲವನ್ನೂ ಹಾಕಿಬಿಟ್ಟಿತು, ತಕರಾರು ಅಷ್ಟೇ.

ಆ ಬುಟ್ಟಿಯಲ್ಲಿ ಬಿದ್ದು ಕಳೆದುಹೋದ ಒಂದು ಚಿತ್ರ 'ದ ಸ್ಪೂಕ್ ಹೂ ಸ್ಯಾಟ್ ಬೈ ದ ಡೋರ್', 1973. ಸ್ಯಾಮ್ ಗ್ರೀನ್‌ಲೀ ಕಾದಂಬರಿ, ಐವಾನ್ ಡಿಕ್ಸನ್ ನಿರ್ದೇಶನ. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಲ್ಲಿ ತೋರಿಕೆಗೆ ಸೇರಿಸಿಕೊಂಡ ಒಬ್ಬ ಕಪ್ಪು ಅಧಿಕಾರಿ ಅಲ್ಲಿನ ವಿದ್ಯೆ ಎಲ್ಲ ಕಲಿತು, ರಾಜೀನಾಮೆ ಕೊಟ್ಟು, ಶಿಕಾಗೋಗೆ ಬಂದು ಬೀದಿ ಹುಡುಗರಿಗೆ ಗೆರಿಲ್ಲಾ ಯುದ್ಧ ಕಲಿಸುತ್ತಾನೆ. ಶಿಕಾಗೋದಲ್ಲಿ ಶೂಟಿಂಗಿಗೆ ಅನುಮತಿ ಸಿಗಲಿಲ್ಲ. ಪಕ್ಕದ ಗ್ಯಾರಿ ಪಟ್ಟಣದ ಕಪ್ಪು ಮೇಯರ್ ರಿಚರ್ಡ್ ಹ್ಯಾಚರ್ ಬಾಗಿಲು ತೆರೆದರು. ಹಂಚಿಕೆದಾರರಿಗೆ ಹೊಡೆದಾಟದ ರೀಲು ಮಾತ್ರ ತೋರಿಸಿ, ಮಾಮೂಲಿ ಆ್ಯಕ್ಷನ್ ಸಿನಿಮಾ ಅಂತ ನಂಬಿಸಿದರು. ಪೂರ್ತಿ ಚಿತ್ರ ಬಂದಾಗ ಅವರು ಬೆಚ್ಚಿದರು. ಕೆಲವೇ ದಿನದಲ್ಲಿ ಥಿಯೇಟರುಗಳಿಂದ ಅದು ಮಾಯವಾಯಿತು. ವರ್ಷಗಟ್ಟಲೆ ಕಳ್ಳ ಕ್ಯಾಸೆಟ್ಟಿನಲ್ಲಿ ಮಾತ್ರ ಓಡಾಡಿಕೊಂಡಿತ್ತು. ನೆಗೆಟಿವ್ ಉಳಿದಿದ್ದು ಬೇರೆ ಹೆಸರು ಬರೆದು ಬಚ್ಚಿಟ್ಟಿದ್ದರಿಂದ. 2012ರಲ್ಲಿ ಅಮೆರಿಕ ಸರ್ಕಾರವೇ ಅದನ್ನು ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು.

ಸುರಿಮಳೆ ನಿಂತಿದ್ದಕ್ಕೆ ಲೆಕ್ಕಾಚಾರ ಸರಳ. 'ಗಾಡ್‌ಫಾದರ್', 'ಎಕ್ಸಾರ್ಸಿಸ್ಟ್' ನೋಡಲು ಕಪ್ಪು ಜನ ಕ್ಯೂ ನಿಂತರು. ಎಲ್ಲರಿಗೂ ಒಂದೇ ಸಿನಿಮಾ ಸಾಕಾದರೆ ಇವರಿಗೆ ಬೇರೆ ಯಾಕೆ ಅಂದುಕೊಂಡರು ಸ್ಟುಡಿಯೋದವರು.

ಡಾಲಮೈಟ್‌ಗೆ ವಾಪಸ್ ಬರುತ್ತೇನೆ. ಅದರ ಹೀರೋ ರೂಡಿ ರೇ ಮೂರ್ ಅರ್ಕನ್ಸಾದ ಬಡ ಮನೆಯ ಹುಡುಗ. ಲಾಸ್ ಏಂಜಲೀಸ್‌ನ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ರಿಕೋ ಅನ್ನುವ ಒಬ್ಬ ಬೀದಿಯವನು ಬಂದು ಡಾಲಮೈಟ್ ಅನ್ನುವ ಪುಂಡನ ಕತೆಯನ್ನು ಪ್ರಾಸ ಕಟ್ಟಿ ಹೇಳುತ್ತಿದ್ದ. ಪೋಲಿ ಮಾತಿನ, ಬಾಯಿಂದ ಬಾಯಿಗೆ ಬಂದ ಪದ್ಯಗಳು. ನಮ್ಮ ಗೀಗೀ ಪದದವರ ಸವಾಲ್ ಜವಾಬ್ ಕೇಳಿದವರಿಗೆ ಆ ಬಿರುಸು ಗೊತ್ತಾಗುತ್ತದೆ. ಮೂರ್ ಅದನ್ನು ಕಲಿತು, ತನ್ನ ಮನೆಯಲ್ಲೇ ಗೆಳೆಯರನ್ನು ಕೂರಿಸಿ ರೆಕಾರ್ಡ್ ಮಾಡಿದ. ಅಂಗಡಿಯವರು ಅದನ್ನು ಗಲ್ಲಾದ ಕೆಳಗಿಟ್ಟು ಮಾರುತ್ತಿದ್ದರು. ಆ ದುಡ್ಡನ್ನೇ ಸಿನಿಮಾಕ್ಕೆ ಸುರಿದ. ಕ್ಯಾಮೆರಾ ಹಿಂದಿದ್ದವರು ಯುಸಿಎಲ್‌ಎ ಕಾಲೇಜಿನ ಹುಡುಗರು. ಇದೆಲ್ಲ ಓದಿದ ಮೇಲೆ ಆ ಹೊಟ್ಟೆಯ ಹೀರೋ ಬೇರೆ ತರಹ ಕಾಣಿಸಿದ. ಒದೆ ಈಗಲೂ ಒಂದಡಿ ದೂರವೇ, ಅದಕ್ಕೆ ಯಾವ ತಗಡೂ ಸಹಾಯ ಮಾಡುವುದಿಲ್ಲ. ಆದರೆ ಬೀದಿಯಲ್ಲಿ ಹುಡುಗರು ಒಂದು ಪದ್ಯ ಹೇಳು ಅಂತ ಕೇಳಿದಾಗ ಅವನು ಶುರು ಮಾಡುತ್ತಾನಲ್ಲ, ಅಲ್ಲಿ ಯಾರೂ ನಗುವ ಹಾಗಿಲ್ಲ. ನಕ್ಕರೆ ಅವನು ನಗಿಸಿದ್ದಕ್ಕೆ ನಗಬೇಕು.

ಹೋದ ದೀಪಾವಳಿಗೆ ದಾವಣಗೆರೆಗೆ ಹೋಗಿದ್ದೆ. ರೂಮಿನ ಹಳೆ ಗೆಳೆಯನ ಮನೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಹೊಸ ಡಿಸ್ಕ್ ಹಾಕಿದೆ. ಅರ್ಧ ಗಂಟೆ ನೋಡಿದವನೇ ಕೇಳಿದ, "ಮೈಕ್ ಎಲ್ಲಿ ಹೋತಲೇ?" ಕತೆ ಹೇಳಿದೆ. ಅವನಿಗೆ ಅಷ್ಟೇನೂ ಖುಷಿ ಆಗಲಿಲ್ಲ. ಡಿಸ್ಕಿನಲ್ಲಿ ತಗಡು ತೆಗೆದ ಹಳೆ ನಮೂನೆಯನ್ನೂ ಬೇಕಂತಲೇ ಇಟ್ಟಿದ್ದಾರೆ ಅಂದೆ. "ಮತ್ತೆ ಅದನ್ನ ಹಾಕಲ್ಲ" ಅಂದ.

ಹಾಕಿದೆ. ಮೈಕು ಇಳಿಯಿತು. ಅವನು ಮೊದಲಿನ ಹಾಗೆ ಕೂಗಿದ, ಮಕ್ಕಳು ಏಳುತ್ತಾರೆ ಅಂತ ಸ್ವಲ್ಪ ಮೆಲ್ಲಗೆ. ನಾನು ಈ ಸಲ ಮೈಕನ್ನೇ ನೋಡುತ್ತಿದ್ದೆ. ಒಬ್ಬನ ಮಾತು ಮುಗಿಯುತ್ತಿದ್ದ ಹಾಗೆ ಅದು ಇನ್ನೊಬ್ಬನ ಕಡೆ ತಿರುಗುತ್ತಿತ್ತು. ಮತ್ತೆ ಮೊದಲಿನವನ ಕಡೆ. ಕಾಲೇಜು ಹುಡುಗ, ಕೈ ಎತ್ತಿ ಹಿಡಿದು ಎಷ್ಟು ಹೊತ್ತಾಗಿತ್ತೋ ಏನೋ. ಒಂದು ಮಾತೂ ಬಿಟ್ಟಿರಲಿಲ್ಲ.